ಎರಡು ಸಲ ತಟ್ಟಿದ ಕೈ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಒಳಗೊಳಗೇ ನಗುತ್ತಿದ್ದವಳು ನಾನು. ನಮ್ಮ ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳಲು ಎದ್ದವರು ಪ್ರಾರ್ಥನೆಯಿಂದ ಜ್ವರ ಇಳಿಯಿತು ಎಂದರೆ, ನುಂಗಿದ ಮಾತ್ರೆಯ ಸುದ್ದಿ ಯಾಕೆ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಕೇಳುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಂಬಿರಿ ಎಂದು ಒತ್ತಾಯವಿಲ್ಲ. ನಡೆದದ್ದನ್ನು ನಡೆದಷ್ಟೇ ಹೇಳುತ್ತೇನೆ.

ನಮ್ಮ ಮನೆತನದಲ್ಲಿ ಪದವಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಸುಮ್ಮನೆ ಬಂದದ್ದಲ್ಲ ಅದು. ಅಪ್ಪ, ಅವ್ವ ರಾಯಚೂರು ಕಡೆಯಿಂದ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಬಂದವರು. ಕಟ್ಟುತ್ತಿರುವ ಮನೆಯಲ್ಲೇ ವಾಸ, ಅದು ಮುಗಿದರೆ ಇನ್ನೊಂದು ಕಟ್ಟಡ. ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಹಿಂದಿ. ಕನ್ನಡ ಅಕ್ಷರ ಕಲಿಸಿದವನು ಅಪ್ಪ, ಅದೂ ಅವ್ವನ ಸಲುವಾಗಿ. ಓದು ಬಾರದ ಅವಳಿಗೆ ದಿನಾ ಸಂಜೆ ದೇವರ ವಾಕ್ಯ ಓದಿ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು. ಪಾಠ ಒಪ್ಪಿಸುವವಳಂತೆ ಗಡಬಡಿಸಿ ಓದಿ ಎದ್ದುಬಿಡುತ್ತಿದ್ದೆ.

ಅವ್ವ ಉಸುಕು, ಖಡಿ, ಇಟ್ಟಿಗೆ ಹೊರುತ್ತಿದ್ದಳು. ರಜೆಯಲ್ಲಿ ನಾನೂ ಹೊತ್ತಿದ್ದೇನೆ, ಆದ್ದರಿಂದ ಆ ಕೆಲಸದ ರೀತಿ ನನಗೆ ಗೊತ್ತು. ತುಂಬಿದ ಬುಟ್ಟಿಯನ್ನು ತಾನೇ ತನ್ನ ತಲೆಗೆ ಏರಿಸಿಕೊಳ್ಳಬಾರದು. ನಾನು ಒಮ್ಮೆ ಹುಂಬತನಕ್ಕೆ ಏರಿಸಿಕೊಂಡು ಒಂದು ವಾರ ಕತ್ತು ತಿರುಗಿಸಲಾಗದೆ ಕೂತಿದ್ದೆ. ಬಟ್ಟೆ ಸುತ್ತಿದ ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡು ಬಾಗಬೇಕು, ಎದುರಿಗೋ ಹಿಂದೆಯೋ ಇನ್ನೊಬ್ಬರು ಕೈ ಹಚ್ಚಬೇಕು. ಬುಟ್ಟಿ ಸರಿಯಾಗಿ ಕೂತ ಮೇಲೆ ಕೈ ಹಚ್ಚಿದವರು ಅದರ ಅಂಚಿಗೆ ಎರಡು ಸಲ ತಟ್ಟುತ್ತಾರೆ. ಕೂತಿದೆ, ಇನ್ನು ನಡೆ ಎಂದು ಅದರ ಅರ್ಥ. ಆ ತಟ್ಟು ಬೀಳುವ ತನಕ ಯಾರೂ ಹೆಜ್ಜೆ ಎತ್ತುವುದಿಲ್ಲ.

ಅವ್ವ ಪ್ರತಿ ಸಲ ಬಾಗುವಾಗ, "ಯೇಸಪ್ಪಾ, ಕೈ ಹಚ್ಚು" ಅನ್ನುತ್ತಿದ್ದಳು. ಕೈ ಹಚ್ಚುವವಳು ಜೊತೆಗಾರ್ತಿ ಶಾಂತಕ್ಕ. ನಾನು ಕಾಲೇಜು ಸೇರಿದ ಹೊಸತರಲ್ಲಿ ಒಮ್ಮೆ ಕೆಣಕಿದೆ.

"ಅವ್ವಾ, ಎತ್ತಾಕಿ ಶಾಂತಕ್ಕ, ಹೆಸರು ಯೇಸಪ್ಪಂದಾ? ಆಕಿಗಿ ಸಿಟ್ಟ ಬರಂಗಿಲ್ಲೇನು?"

ಶಾಂತಕ್ಕ ನಕ್ಕು, "ಬರ್ತೈತಿ ಬಿಡವಾ. ರಟ್ಟಿ ನೋಯೂದು ನಂದು," ಎಂದಳು.

ಅವ್ವ ಮಾತ್ರ ನಗಲಿಲ್ಲ. "ಬುಟ್ಟಿ ಆಕಿ ಎತ್ತತಾಳ. ಮುಂದ ಹೊರಾಕ ಕುತ್ತಿಗ್ಯಾಗ ತ್ರಾಣ ಬೇಕಲ್ಲಾ? ಅದ್ನ ಯಾವ ಅಂಗಡ್ಯಾಗ ತರ್ಲಿ?" ಎಂದು ನಡೆದುಬಿಟ್ಟಳು. ನನಗೆ ಸೋತೆ ಅನಿಸಲಿಲ್ಲ. ನನ್ನ ತ್ರಾಣ ನನ್ನದೇ, ಯಾರನ್ನೂ ಬೇಡಿ ತಂದದ್ದಲ್ಲ ಎಂಬ ಗರ್ವವಿತ್ತು.

ಆಗ ನಾನು ಡಿಗ್ರಿ ಕೊನೆಯ ವರ್ಷ. ಬೇಗಂಪೇಟೆಯಲ್ಲಿ ಕಟ್ಟುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೆವು. ಕೆಳಗೆಲ್ಲ ಸಿಮೆಂಟು ಚೀಲ, ಟೈಲ್ಸು ತುಂಬಿದ್ದರಿಂದ ನಮ್ಮನ್ನು ಮೇಲಕ್ಕೆ ಕಳಿಸಿದ್ದರು. ಮೆಟ್ಟಿಲಿಗೆ ಇನ್ನೂ ಕೈಗಂಬಿ ಬಂದಿರಲಿಲ್ಲ. ಅದೊಂದು ಭಾನುವಾರ, ಬೆಳಗಿನ ಹನ್ನೊಂದರ ಸುಮಾರು. ಕೆಲಸಕ್ಕೆ ರಜೆ. ಶಾಂತಕ್ಕ ಸಭೆಗೆ ಹೋಗಿದ್ದಳು. ಅಪ್ಪ, ಊರಿಂದ ಬರಲಿದ್ದ ಅಜ್ಜಿಯನ್ನು ಕರೆತರಲು ಕಾಚಿಗೂಡ ಸ್ಟೇಷನ್ನಿಗೆ ಹೋಗಿದ್ದ. ಅವ್ವ ಮೈ ಸರಿಯಿಲ್ಲ ಎಂದು ಮಲಗಿದ್ದಳು, ನಾನು ಓದುತ್ತಿದ್ದೆ.

ಅವ್ವ ಎದ್ದು ಕೂತದ್ದು ಕಂಡಿತು. ಎದೆಗೆ ಕೈ ಒತ್ತಿಕೊಂಡಿದ್ದಳು, ಮುಖವೆಲ್ಲ ಬೆವರು. "ಉಸಿರು..." ಎಂದಳು, ಮುಂದೆ ಹೇಳಲಾಗಲಿಲ್ಲ.

ಅಪ್ಪನಿಗೆ ಫೋನು ಹಚ್ಚಿದೆ. "ನಾ ಬರಾಕ ಭಾಳ ಹೊತ್ತಾಕ್ಕೈತಿ, ಹೆಂಗರ ಮಾಡಿ ಕೆಳಗ ಇಳಿಸಿ ಆಟೋದಾಗ ಹಾಕ," ಎಂದ. ಅಂಬುಲೆನ್ಸಿಗೂ ಫೋನು ಮಾಡಿದೆ, ಅರ್ಧ ಗಂಟೆ ಎಂದರು. ಕೆಳಗೆ ಓಡಿದೆ. ಓಣಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಒಂದು ಆಟೋ ಸಿಕ್ಕಿತು. ಓಡಿಸುತ್ತಿದ್ದವರು ವಯಸ್ಸಾದ ಸಾಹೇಬರು, ಒಂದು ಕಾಲು ಊನ, ಆಟೋದ ಬದಿಗೆ ಊರುಗೋಲು ಸಿಕ್ಕಿಸಿದ್ದರು. ನನ್ನ ಮಾತು ಕೇಳಿ ಮೂರು ಮಹಡಿಯನ್ನು ಕಣ್ಣಲ್ಲೇ ಅಳೆದು, "ಮೈ ಚಢ್ ನಹೀ ಸಕ್ತಾ ಬೇಟೀ. ಲೇಕೆ ಆವೊ, ಮೈ ಯಹೀಂಚ್ ಠೈರ್‌ತಾ," ಎಂದರು. ಹತ್ತಲು ಅವರಿಂದ ಆಗದು, ಆದರೆ ನಾನು ಅವ್ವನನ್ನು ಇಳಿಸಿ ತರುವ ತನಕ ಅಲ್ಲಿಂದ ಕದಲುವುದಿಲ್ಲ.

ಮತ್ತೆ ಮೇಲೆ ಓಡಿದೆ. ಅವ್ವನ ತುಟಿ ಬಣ್ಣಗೆಟ್ಟಿತ್ತು. ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು ಅವಳನ್ನು ಎಳೆದುಕೊಂಡೆ, ಏಳಲಾಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ, ಇಬ್ಬರೂ ಒಂದು ಮಗ್ಗುಲಿಗೆ ಬಿದ್ದೆವು. ನಾನು ಕಡ್ಡಿಯಂಥವಳು, ಅವ್ವ ಹೊರೆ ಹೊತ್ತು ಗಟ್ಟಿಯಾದ ಮೈಯವಳು. ಕೊನೆಗೆ ಅವಳ ಹಳೆಯ ಸೀರೆಯಿಂದ, ಕೂಸನ್ನು ಕಟ್ಟಿಕೊಳ್ಳುವ ಹಾಗೆ, ಅವಳನ್ನು ಬೆನ್ನಿಗೆ ಕಟ್ಟಿಕೊಂಡೆ. ನನ್ನ ಎದೆಯ ಮೇಲೆ ಇಳಿಬಿದ್ದ ಅವಳ ಎರಡೂ ಕೈಗಳನ್ನು ಎಡಗೈಯಲ್ಲಿ ಬಿಗಿಹಿಡಿದೆ. ಬಲಗೈಯಲ್ಲಿ ಪಿಲ್ಲರಿನಿಂದ ಹೊರಬಂದಿದ್ದ ಕಬ್ಬಿಣದ ಸರಳನ್ನು ಹಿಡಿದೆ. ಯಾರ ಕೈ ಎಲ್ಲಿತ್ತು ಎಂಬುದನ್ನು ನೀವು ನೆನಪಿಟ್ಟುಕೊಳ್ಳಬೇಕು, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಮೂರನೇ ಸಲವೂ ಮೇಲೇಳಲಾಗಲಿಲ್ಲ. ಮತ್ತೆ ಕುಸಿದೆ. ಆಗ ನನ್ನ ಕಿವಿಯ ಹತ್ತಿರ ಅವ್ವ, "ಯೇಸ..." ಎಂದಳು. ಅಷ್ಟಕ್ಕೇ ಉಸಿರು ಮುಗಿಯಿತು. ಮತ್ತೆ, "ಯೇಸ..." ದಿನಕ್ಕೆ ನೂರು ಸಲ ಆಡಿದ ಮಾತನ್ನು ಮುಗಿಸಲು ಅವಳಿಗೆ ಉಸಿರಿರಲಿಲ್ಲ. ಅದನ್ನು ನನ್ನಿಂದ ಕೇಳಲಾಗಲಿಲ್ಲ. ನಂಬಿಕೆಯಿಂದಲ್ಲ, ಅವ್ವನ ಮಾತು ಅರ್ಧಕ್ಕೆ ನಿಲ್ಲಬಾರದು ಎಂದು ಉಳಿದದ್ದನ್ನು ನಾನು ಹೇಳಿದೆ: "ಯೇಸಪ್ಪಾ, ಕೈ ಹಚ್ಚು."

ನಾನು ಎದ್ದು ನಿಂತೆ.

ಹೇಗೆ ಎದ್ದೆ ಎಂಬುದನ್ನು ಹೊರೆ ಹೊತ್ತವರಿಗೆ ಹೇಳುವುದು ಸುಲಭ, ಉಳಿದವರಿಗೆ ಕಷ್ಟ. ಒಬ್ಬರೇ ಎತ್ತಿದ ಭಾರ ಒಂದು ಕಡೆಗೆ ವಾಲುತ್ತಾ, ತಡವರಿಸುತ್ತಾ ಬರುತ್ತದೆ. ಇಬ್ಬರು ಎತ್ತಿದ್ದು ಸಮನಾಗಿ ಮೇಲೆ ಬರುತ್ತದೆ. ಅವ್ವ ಸಮನಾಗಿ ಮೇಲೆ ಬಂದಳು. ನನ್ನ ಬೆನ್ನ ಮೇಲೆ ಸರಿಯಾಗಿ ಕೂತಳು. ಆಮೇಲೆ ಅವ್ವನ ಮೈಯನ್ನು ಹಾದು ನನ್ನ ಬೆನ್ನಿಗೆ ಬಂದು ತಲುಪಿದಂತೆ ಎರಡು ಮೆಲ್ಲನೆಯ ತಟ್ಟು. ನಾನು ಹೆಜ್ಜೆ ಎತ್ತಿದೆ.

ಭಾರ ಹಗುರಾಯಿತು ಎಂದು ಮಾತ್ರ ಹೇಳಲಾರೆ. ಒಂದೊಂದು ಮೆಟ್ಟಿಲಿಗೂ ಮಂಡಿ ಉರಿಯಿತು, ಕಣ್ಣು ಕತ್ತಲಿಟ್ಟಿತು. ಆದರೆ ಅವ್ವ ವಾಲಲಿಲ್ಲ, ನಾನು ನಿಲ್ಲಲಿಲ್ಲ. ಕೆಳಗೆ ಬಂದಾಗ ಆಟೋದ ಸಾಹೇಬರು ಊರುಗೋಲು ಹಿಡಿದು ಮೊದಲ ಮೆಟ್ಟಿಲಿನವರೆಗೂ ಬಂದು ನಿಂತಿದ್ದರು. "ಅರೇ, ಅಕೇಲೀ?" ಎಂದರು. ಒಬ್ಬಳೇನಾ ಎಂದು ಅವರು ಕೇಳುತ್ತಿರುವಾಗಲೇ ನಾನು ಸೀರೆಯ ಗಂಟು ಬಿಚ್ಚಿ ಅವ್ವನನ್ನು ಆಟೋದಲ್ಲಿ ಕೂರಿಸಿದೆ.

ಆಸ್ಪತ್ರೆಯಲ್ಲಿ ಹೃದಯದ ತೊಂದರೆ ಎಂದರು, ಹೊತ್ತಿಗೆ ತಂದಿರಿ ಎಂದರು. ಅವ್ವ ಉಳಿದಳು. ತಟ್ಟಿನ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಗಾಬರಿಯಲ್ಲಿ ಮೈಗೆ ಎಲ್ಲಿಂದಲೋ ಬಲ ಬರುತ್ತದೆಂದು ಓದಿದ್ದೆ, ಅಲ್ಲಿಗೆ ಅದನ್ನು ಮುಗಿಸಿಬಿಟ್ಟಿದ್ದೆ.

ಐದನೆಯ ದಿನವಿರಬೇಕು. ಗಂಜಿ ಕುಡಿಸುತ್ತಿದ್ದೆ. ಅವ್ವ ನನ್ನನ್ನೇ ನೋಡಿ ಸಣ್ಣಗೆ ನಕ್ಕಳು.

"ಎಷ್ಟ ಓದಿದರೇನು, ನೀ ಬುಟ್ಟಿ ಹೊರಾಕೀನ ನೋಡು."

"ಯಾಕವ್ವಾ?"

"ಜೀವ ಹೋಗಾಕತ್ತೈತಿ, ಅಂಥಾದ್ರಾಗ ನನ್ನ ಬೆನ್ನ ಮ್ಯಾಲ ಎರಡ ಸಲ ತಟ್ಟಿದೆಲ್ಲಾ! ನಾ ಏನ ಉಸುಕಿನ ಬುಟ್ಟಿ ಏನ?"

ಚಮಚೆ ನನ್ನ ಕೈಯಲ್ಲೇ ಉಳಿಯಿತು. "ನಾ ತಟ್ಟಿಲ್ಲವ್ವಾ. ನನ್ನ ಕೈ ಎರಡೂ..." ಎಂದು ನಿಲ್ಲಿಸಿದೆ.

ಅವ್ವ ಆಶ್ಚರ್ಯಪಟ್ಟವಳಂತೆ ಕಾಣಲಿಲ್ಲ. ನನ್ನ ಕೈಯನ್ನು ತನ್ನ ಒರಟು ಅಂಗೈಯಲ್ಲಿ ಇಟ್ಟುಕೊಂಡು, "ಹಂಗಾರ ಸುಮ್ಮನಿರು," ಎಂದಳು. "ಗಂಜಿ ಆರಾಕತ್ತೈತಿ, ಹಾಕು."

ಆಮೇಲೆ ನಾನು ಎಷ್ಟೋ ತರ್ಕ ಮಾಡಿದ್ದೇನೆ. ಹೆದರಿದ ಅವ್ವನ ಎದೆಬಡಿತವೇ ನನಗೆ ತಟ್ಟಿದಂತೆ ಅನಿಸಿರಬಹುದು. ಆದರೆ ಅವಳಿಗೆ ತಟ್ಟಿದ್ದು ಎದೆಗಲ್ಲ, ಬೆನ್ನಿಗೆ. ನಾನು ಹೇಳದಿದ್ದ ಸಂಗತಿಯನ್ನು, ಎರಡು ಸಲ ಎಂಬ ಲೆಕ್ಕದ ಸಮೇತ, ಅವಳೇ ಮೊದಲು ಹೇಳಿದಳು. ಇದಕ್ಕೆ ನನ್ನ ಓದಿನಲ್ಲಿ ಉತ್ತರ ಸಿಕ್ಕಿಲ್ಲ. ಪಾಸ್ಟರರನ್ನು ಕೇಳಿಲ್ಲ, ಅವರು ತಕ್ಷಣ ಉತ್ತರ ಕೊಟ್ಟುಬಿಡುತ್ತಾರೆಂಬ ಭಯ. ಅಂದು ನಾನು ಹಿಂದಿರುಗಿ ನೋಡಿದ್ದರೆ ಎಂದು ಅನ್ನಿಸುತ್ತದೆ. ಆದರೆ ಹೊರೆ ಹೊತ್ತವರು ಕತ್ತು ತಿರುಗಿಸುವಂತಿಲ್ಲ.

ಹೋದ ತಿಂಗಳು ನನ್ನ ಆಫೀಸಿನ ಪಕ್ಕದ ಕಟ್ಟಡದ ಮುಂದೆ ಒಬ್ಬ ಹೆಂಗಸು ತುಂಬಿದ ಬುಟ್ಟಿಗೆ ಕೈಯಿಟ್ಟು ಬಾಗಿ, "ಲೇ ಯಲ್ಲಮ್ಮಾ, ಬಾರ್ಲೇ, ಕೈ ಹಚ್ಚು," ಎಂದು ಕೂಗುತ್ತಿದ್ದಳು. ಯಲ್ಲಮ್ಮ ದೂರದ ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದಳು. ನಾನು ಬ್ಯಾಗು ಕೆಳಗಿಟ್ಟು ಹಿಂದಿನಿಂದ ಹೋಗಿ ಕೈ ಹಚ್ಚಿದೆ. ಬುಟ್ಟಿ ಸಿಂಬಿಯ ಮೇಲೆ ಕೂತಿತು. ಎರಡು ಸಲ ತಟ್ಟಿದೆ.

"ಇವತ್ತ ಚೊಲೋ ಎತ್ತಿದಿ ನೋಡ್ಲೇ," ಎಂದು ಅವಳು ಎದುರಿಗೇ ನೋಡುತ್ತಾ ಮೆಟ್ಟಿಲು ಹತ್ತಿ ಹೋದಳು.

ನಾನು ಯಲ್ಲಮ್ಮ ಅಲ್ಲ ಎಂದು ಕೂಗಿ ಹೇಳಲಿಲ್ಲ.