ಎರೆಕಟ್ಟಿ ಕೆರೆಯ ಕೊನೆಯ ಮೂಲೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಣ್ಣಿಗೇರಿಗೆ ಸಮೀಪದ ಎರೆಕಟ್ಟಿ ಕೆರೆಯ ಒಣ ಅಂಗಳದಲ್ಲಿ ಠಣ್ ಠಣ್ ಎಂಬ ಸದ್ದು. ತೂಬಿನ ಪಕ್ಕದ ಮೂಲೆಯಲ್ಲಿ ಮೈಲಾರಪ್ಪ ಮಾಸ್ತರರು ಉದ್ದನೆಯ ಕಬ್ಬಿಣದ ಪೈಪೊಂದನ್ನು ಸುತ್ತಿಗೆಯಿಂದ ನೆಲಕ್ಕೆ ಬಡಿಯುತ್ತಿದ್ದಾರೆ. ಪೈಪು ವಾಲದಂತೆ ಎರಡೂ ಕೈಯಲ್ಲಿ ಅಮುಕಿ ಹಿಡಿದು ನಿಂತವಳು ಹೆಂಡತಿ ದೇವಕ್ಕ.

“ಲೇ, ಗಟ್ಟಿ ಹಿಡಿ.”

“ಹಿಡದೀನ್ರಿ. ನೀವು ಬಡೀರಿ, ಹೊತ್ತಾಗಾಕತ್ತೈತಿ.”

ಎಂಟು ಗಂಟೆಗೆ ಕೂಲಿಯವರು ಬರುತ್ತಾರೆ. ಬರಗಾಲದ ಕಾಮಗಾರಿಯಲ್ಲಿ ಇಡೀ ಕೆರೆಯ ಹೂಳು ತೆಗೆದಾಗಿದೆ. ಉಳಿದಿರುವುದು ಇದೊಂದೇ ಮೂಲೆ, ಇವತ್ತು ಇದೂ ಹೋಗುತ್ತದೆ. ಅಷ್ಟರೊಳಗೆ ಈ ನೆಲದ ಮಣ್ಣು ಪದರ ಕೆಡದ ಹಾಗೆ ಪೈಪಿನಲ್ಲಿ ಎದ್ದು ಬಂದರೆ ಮಾಸ್ತರರ ಪಿಎಚ್‌.ಡಿ. ಉಳಿಯಿತು. ಬಾರದಿದ್ದರೆ ಇಷ್ಟು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಓದಿದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ.

ಕೆಸರಿನ ಮೇಲೂ ಪಿಎಚ್‌.ಡಿ. ಮಾಡುತ್ತಾರೆಯೇ ಎಂದು ನಗುವವರು ನಗಲಿ. ಮಳೆನೀರು ಹೊತ್ತು ತಂದ ಮಣ್ಣು ಕೆರೆಯ ತಳದಲ್ಲಿ ವರ್ಷವರ್ಷವೂ ಒಂದರ ಮೇಲೊಂದು ಕೂರುತ್ತ ಹೋಗುತ್ತದೆ. ಹಳ್ಳ ಉಕ್ಕಿ ಬಂದ ವರ್ಷ ಒರಟು ಮರಳು, ಸುಮ್ಮನೆ ಹರಿದ ವರ್ಷ ನುಣುಪು ಜೇಡಿ. ಹೀಗೆ ಕೂತ ಮಣ್ಣೇ ಯುಗಗಳು ಕಳೆದು ಒತ್ತಿ ಒತ್ತಿ ಬಂಡೆಯಾಗುತ್ತದೆ. ಆ ಪದರುಗಳನ್ನು ಓದಿ ಈ ಸೀಮೆಯ ಮಳೆಯ ಹಳೆಯ ಕಥೆ ಹೇಳಬೇಕೆಂದು ಹೊರಟವರು ಮಿಶ್ರಿಕೋಟಿಯ ಕುರಿ ಕಾಯುವ ಮನೆಯ ಈ ಮೈಲಾರಪ್ಪ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಇವರೇ ಮೊದಲು.

“ಎಂ.ಎಸ್ಸಿ. ಓದೂ ಮುಂದ ಬಾದಾಮಿಗೆ ಕರಕೊಂಡ ಹೋಗಿದ್ರಿ. ಅಲ್ಲಿ ಕಲ್ಲಿನ ಮ್ಯಾಲ ನೀರಿನ ತೆರಿ ಮೂಡಿದ್ದು ಹಂಗ ಐತಿ ನೋಡ್ರಿ! ಕುರಿ ಕಾಯೂ ಮುಂದ ನಮ್ಮ ಹಳ್ಳದ ಉಸುಕಿನಾಗ ಅಂಥಾ ತೆರೀನ ದಿನಾ ತುಳದಿದ್ನಿ. ಅವತ್ತ ಹಿಡದ ಹುಚ್ಚರಿ ಇದು” ಎನ್ನುತ್ತಾರೆ ಮಾಸ್ತರರು, ಪತ್ರಿಕೆಗೆ ಬರೆಯಲು ಬಂದ ನನ್ನೊಡನೆ. ಹೇಳುವಾಗ ನಗು ಬರಬೇಕಿತ್ತು, ಬರುವುದಿಲ್ಲ.

ಹೊಟ್ಟೆಪಾಡಿಗೆ ಹೈಸ್ಕೂಲಿನಲ್ಲಿ ಹಂಗಾಮಿ ವಿಜ್ಞಾನ ಶಿಕ್ಷಕರ ಕೆಲಸ. ಮಳೆ ಸರಿಯಾಗಿದ್ದ ವರ್ಷಗಳಲ್ಲಿ, ಬೇಸಿಗೆಯಲ್ಲೂ ಕೆರೆಯ ಅಂಗಳ ಹಸಿಯಾಗಿರುತ್ತಿದ್ದಾಗ, ಗಂಡಹೆಂಡಿರೇ ಪೈಪು ಹೊಡೆದು ಮಣ್ಣು ತೆಗೆದರು. ಭಾನುವಾರ ಪ್ಯಾಸೆಂಜರ್ ಗಾಡಿ ಹಿಡಿದು ಆ ಮಣ್ಣನ್ನು ಧಾರವಾಡಕ್ಕೆ ಒಯ್ಯುವುದು, ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಜರಡಿ ಹಿಡಿಯುವುದು, ಗಾಜಿನ ಜಾಡಿಯಲ್ಲಿ ನೀರಿಗೆ ಕಲಸಿ ಕಣ ಕೆಳಗಿಳಿಯುವುದನ್ನು ಕಾಯುವುದು. ಜೇಡಿಮಣ್ಣಿಗೆ ಅವಸರ ಎಂಬುದೇ ಇಲ್ಲ. ಒಂದು ಪದರಿನ ಮಣ್ಣು ಇಳಿಯುವಷ್ಟರಲ್ಲಿ ಭಾನುವಾರವೇ ಮುಗಿಯುತ್ತಿತ್ತು. “ಏನ್ರಿ ಮಾಸ್ತರ, ಧಾರವಾಡದಾಗ ಮಣ್ಣ ಇಲ್ಲೇನ್ರಿ?” ಎಂದು ಗಾಡಿಯಲ್ಲಿ ಜನ ಕಾಡಿಸುತ್ತಿದ್ದರು. ಕಾಡಿಸಿದರೆ ಕಾಡಿಸಲಿ, ಅರ್ಧ ಕೆಲಸ ಮುಗಿದಿತ್ತಲ್ಲ!

ಉಳಿದರ್ಧದ ಮಣ್ಣು ಅಣ್ಣಿಗೇರಿಯ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಎಷ್ಟು ಆಳದ್ದು ಎಂದು ಮಸಿಯಲ್ಲಿ ಬರೆದ ಬಟ್ಟೆ ಚೀಲಗಳಲ್ಲಿ ಗೋಡೆಯುದ್ದಕ್ಕೂ ಕೂತಿತ್ತು. ಇಲ್ಲಿಯ ಮನೆಗಳಿಗೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮೊದಲು ಅದರ ಮೇಲೆ ಕರ್ಲು ಎಂಬ ನುಣುಪು ಮಣ್ಣು ಹರವಿ ತುಳಿಯದಿದ್ದರೆ ಮನೆ ಸೋರುತ್ತದೆ. ಹಾಗಾಗಿ ಬೇಸಿಗೆ ಮುಗಿಯುವ ಹೊತ್ತಿಗೆ ಯಾರ ಮನೆಯಲ್ಲಿ ನೋಡಿದರೂ ಮಣ್ಣಿನ ಚೀಲ.

ಹೋದ ವರ್ಷ ಜೂನ್‌ನಲ್ಲಿ ಮಾಸ್ತರರು ಧಾರವಾಡದಲ್ಲಿದ್ದರು, ದೇವಕ್ಕ ತವರಿನಲ್ಲಿ. ಮೋಡ ಕವಿಯಿತು. ಮನೆಯೊಡತಿ ರೇವವ್ವ ಮುದುಕಿ, ಮಾಸ್ತರರನ್ನು ಮಗನ ಹಾಗೆ ಕಂಡವಳು. “ಕರ್ಲು ತಂದಿಟ್ಟಾರ, ಪಾಪ, ಹಾಕಾಕ ಆಗಿಲ್ಲ ಅಂತ ತಿಳದ್ನಿರಿ” ಎನ್ನುತ್ತಾಳೆ. ಅಷ್ಟೂ ಚೀಲಗಳನ್ನು ನಿಚ್ಚಣಿಕೆ ಹತ್ತಿ ಹೊತ್ತು, ಮಣ್ಣು ಸುರಿದು, ಬರಿಗಾಲಿನಲ್ಲಿ ತುಳಿದಳು. ಮಾಸ್ತರರು ಊರಿಗೆ ಬಂದಾಗ ಮಳೆ ಹೊಡೆದು ನಿಂತಿತ್ತು. ಒಗೆದ ಚೀಲಗಳು ಹಗ್ಗದ ಮೇಲೆ ಒಣಗುತ್ತಿದ್ದವು. “ಮಾಸ್ತರ, ನಿಮ್ಮ ಮಣ್ಣ ಅಗದಿ ಚಲೋ ಐತ್ರಿ, ಒಂದ ಹನಿ ಸೋರಲಿಲ್ಲ” ಎಂದು ಮುದುಕಿ ಹಿಗ್ಗಿದಳು.

ಮಾಸ್ತರರು ನಿಚ್ಚಣಿಕೆಗೆ ಓಡಿದರು. ಮಾಳಿಗೆ ಹತ್ತಿ ನೋಡಿದರೆ ಎಲ್ಲ ವರ್ಷಗಳ ಮಣ್ಣೂ ಒಂದೇ ಮುದ್ದೆ. ವಿಷಯ ತಿಳಿದ ಮೇಲೆ ರೇವವ್ವ ಊಟ ಬಿಟ್ಟು ಕೂತಳು. “ನನ್ನ ಕೈ ಸೇದಿ ಹೋಗ್ಲಿ” ಎಂದು ಅತ್ತವಳನ್ನು ಸಮಾಧಾನ ಮಾಡಿದ್ದೂ ಮಾಸ್ತರರೇ. ಯಾರನ್ನು ಬಯ್ಯುವುದು ಹೇಳಿ!

ಕೆರೆ ಎಲ್ಲಿಗೆ ಹೋಗುತ್ತದೆ, ಬೇಸಿಗೆಯಲ್ಲಿ ಮತ್ತೆ ತೆಗೆದರಾಯಿತು ಎಂದುಕೊಂಡರು. ಆದರೆ ಮಳೆ ಕೈಕೊಟ್ಟಿತು. ಎರೆಮಣ್ಣು ಒಣಗಿ ಸೊಂಟದಾಳಕ್ಕೆ ಬಿರಿಯಿತು; ಮೇಲಿನ ಮಣ್ಣು ಬಿರುಕಿನೊಳಗೆ ಉದುರಿ ಕೆಳಗಿನ ಪದರಿಗೆ ಬೆರೆಯಿತು. ಅದರ ಹಿಂದೆಯೇ ಹೂಳು ತೆಗೆಯುವ ಕಾಮಗಾರಿ ಬಂತು. ಹೊಲಕ್ಕೆ ಗೊಬ್ಬರದಂಥ ಮಣ್ಣು ಸಿಕ್ಕಿತೆಂದು ರೈತರಿಗೆ ಖುಷಿ, ಬಡವರಿಗೆ ಕೂಲಿ. ಬೇಡ ಎನ್ನಲು ಮಾಸ್ತರರಿಗೆ ಬಾಯಾದರೂ ಹೇಗೆ ಬಂದೀತು? ಹಂಗಾಮಿ ಶಿಕ್ಷಕರಿಗೆ ಬೇಸಿಗೆ ರಜೆಯ ಸಂಬಳವಿಲ್ಲ. ಗಂಡಹೆಂಡಿರ ಹೆಸರೂ ಕೂಲಿಯವರ ಪಟ್ಟಿಗೆ ಸೇರಿತು. ಓದಬೇಕಿದ್ದ ಕೆರೆಯನ್ನು ಬುಟ್ಟಿ ಬುಟ್ಟಿಯಾಗಿ ತಾವೇ ಹೊತ್ತು ಗಾಡಿಗೆ ಸುರಿದರು.

ತೂಬಿನ ಬಳಿಯ ಈ ಮೂಲೆ ಮಾತ್ರ ಜಿನುಗು ನೀರಿನಿಂದ ಬಿರಿಯದೆ ಉಳಿದಿತ್ತು. ಕೆಸರು ಪೈಪಿನಲ್ಲಿ ನಿಲ್ಲುವಷ್ಟು ಗಟ್ಟಿಯಾಗಲಿ ಎಂದು ಕಾದರು. ಕೂಲಿಯವರ ಮುಕಾದಮ ಮೀರಾಸಾಬ ದೊಡ್ಡ ಮನಸ್ಸು ಮಾಡಿ ಅದನ್ನು ಕೊನೆಯ ದಿನದವರೆಗೂ ಬಿಟ್ಟರು. “ಒಂದೇ ಒಂದು ಚೊಕ್ಕ ಪೈಪು ತಂದುಕೊಡು, ಮುಂದಿನದು ನಾನು ನೋಡ್ಕೋತೀನಿ” ಎಂದಿದ್ದಾರೆ ಧಾರವಾಡದ ಮಾರ್ಗದರ್ಶಕರು. ಅವರು ಆಗಸ್ಟ್‌ನಲ್ಲಿ ನಿವೃತ್ತರಾಗುತ್ತಾರೆ. ಮಾಸ್ತರರ ನೋಂದಣಿಯ ಅವಧಿ ಮುಗಿಯುವುದೂ ಆಗಲೇ.

ಹಗ್ಗ ಕಟ್ಟಿ, ಹಾರೆ ಕೊಟ್ಟು ಮೀಟಿದಾಗ ಪೈಪು ಮೇಲೆ ಬರುತ್ತದೆ. ಉದ್ದಕ್ಕೆ ಸೀಳಿ ತಂತಿ ಸುತ್ತಿದ ಪೈಪು ಅದು. ದೇವಕ್ಕ ತಂತಿ ಬಿಚ್ಚುತ್ತಾಳೆ. ಮೇಲೆ ನುಣುಪು ಜೇಡಿ, ಅದರಡಿ ಗೆರೆ ಕೊರೆದ ಹಾಗೆ ಮರಳು, ಮತ್ತೆ ಜೇಡಿ. “ಬಂತ್ರಿ!” ಎನ್ನುತ್ತಾಳೆ ದೇವಕ್ಕ. ಮಾಸ್ತರರು ಪದರುಗಳ ಮೇಲೆ ಬೆರಳಾಡಿಸುತ್ತ ಕೆಳಗೆ ಸಾಗುತ್ತಾರೆ. ಗೇಣುದ್ದ ಕೆಳಗೆ ಅವರ ಬೆರಳಿಗೆ ಏನೋ ತಾಗುತ್ತದೆ. ಬಿಡಿಸಿದರೆ ಸೋಡಾ ಬಾಟಲಿಯ ಗೋಲಿ. ಅಲ್ಲಿಂದ ಪೈಪಿನ ತುದಿಯವರೆಗೂ ಗಾರೆಯ ಚೂರು, ಇಟ್ಟಿಗೆ ಪುಡಿ, ಕಲಸುಮಲಸು ಮಣ್ಣು. ಹಿಂದೆ ಯಾವಾಗಲೋ ತೂಬು ರಿಪೇರಿಗೆ ಈ ಮೂಲೆಯನ್ನೆಲ್ಲ ಆಳಕ್ಕೆ ಅಗೆದು ಮತ್ತೆ ಮುಚ್ಚಿದ್ದಾರೆ.

“ಸಿಕ್ತೇನ್ರಿ ಮಾಸ್ತರ?” ಮೀರಾಸಾಬ ಸೈಕಲ್ ಇಳಿಯುತ್ತಲೇ ಕೇಳುತ್ತಾರೆ.

“ಇಲ್ರಿ. ಯಾರೋ ಮದಲ ಅಗದ ಮುಚ್ಯಾರ.”

ದೇವಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತ ತಿರುಗುತ್ತಾಳೆ. ಮಾಸ್ತರರು ನನ್ನ ಕಡೆ ತಿರುಗಿ ಹೇಳುತ್ತಾರೆ: “ಪೇಪರಿನಾಗ ಹಾಕೂದಾದ್ರ ಇಷ್ಟ ಹಾಕ್ರಿ. ಯಾವ ಊರಾಗ ಕೆರಿ ಹೂಳ ತೆಗದ್ರೂ ಒಂದ ಮೂಲಿ ಮುಟ್ಟಬ್ಯಾಡ್ರಿ. ಮುಂದ ಯಾರರ ಓದಾವ್ರು ಬಂದಾರು. ನನಗಲ್ರಿ, ನಂದು ಮುಗೀತು.”

ಕೂಲಿಯವರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಮೀರಾಸಾಬ ಹೆಸರು ಕೂಗುತ್ತಾರೆ. ದೇವಕ್ಕ “ಅದೀನ್ರಿ” ಎನ್ನುತ್ತಾಳೆ. ಮುಂದಿನ ಹೆಸರನ್ನು ಕೂಗದೆ ಅವರು ಮಾಸ್ತರರ ಹತ್ತಿರ ಬಂದು ದನಿ ತಗ್ಗಿಸುತ್ತಾರೆ. “ಇವತ್ತ ನೀವು ಆ ಕಡೆ ದಂಡಿ ಮ್ಯಾಲ ಹೋಗ್ರಿ ಮಾಸ್ತರ. ಇಲ್ಲಿ ಬ್ಯಾರೆದವರು ಅಗೀತಾರ.”

ಮೈಲಾರಪ್ಪ ಸಲಿಕೆ ಎತ್ತಿಕೊಳ್ಳುತ್ತಾರೆ.

“ಬ್ಯಾಡ್ರಿ ಮೀರಾಸಾಬ. ಈ ಮೂಲಿ ನಾನ ಅಗೀತೀನಿ.”