ಮಾವ ಓಡಿದ ಮಳೆ

ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ಹೋಟೆಲಿನಿಂದ ಹೊರಗೆ ಕಾಲಿಡುವುದಕ್ಕೂ ಮಳೆ ಹುಯ್ಯುವುದಕ್ಕೂ ಸರಿಹೋಯಿತು. ಕಾರು ರಸ್ತೆಯ ಆಚೆ, ನೂರು ಹೆಜ್ಜೆ ದೂರದಲ್ಲಿತ್ತು. ಕೊಡೆ ಕಾರಿನೊಳಗೆ, ಕೊಡೆಗಳ ಜಾಯಮಾನವೇ ಅಷ್ಟು. ಸೂರಿನಡಿ ನಿಂತ ನನ್ನ ಗಂಡ ಮೊಬೈಲು ತೆಗೆದು, ಮಳೆಯಲ್ಲಿ ಓಡಿದರೆ ಕಡಿಮೆ ನೆನೆಯುತ್ತೇವೋ ನಡೆದರೋ ಎಂದು ಹುಡುಕತೊಡಗಿದರು. ಓಡಿದರೇ ವಾಸಿಯಂತೆ ಎಂದು ಗಟ್ಟಿಯಾಗಿ ಓದಿ ಹೇಳಿದರು. ಹೇಳಿದ ಮೇಲೆ ಓಡಿದರೇ? ಇಲ್ಲ, ಅದರ ಕೆಳಗಿದ್ದ ಇನ್ನೊಂದನ್ನು ಓದುತ್ತ ಅಲ್ಲೇ ನಿಂತರು. ನನಗೆ ನಗು ತಡೆಯಲಾಗಲಿಲ್ಲ. ಈ ಪ್ರಶ್ನೆಗೆ ನಾನು ಇಪ್ಪತ್ತನೇ ವಯಸ್ಸಿನಲ್ಲೇ ಉತ್ತರ ಬರೆದು ಮುಗಿಸಿದ್ದೆ. ಅದೂ ಬೆಳಕವಾಡಿ ಹತ್ತಿರದ ನಮ್ಮ ಅತ್ತೆಯ ಮನೆಯ ಗೋಡೆಯ ಮೇಲೆ, ಇದ್ದಿಲಿನಲ್ಲಿ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ನಾನು ಮಂಡ್ಯದಲ್ಲಿ ಬಿಎಸ್ಸಿ ಓದುತ್ತಿದ್ದೆ, ರಜಕ್ಕೆ ಅವರ ಮನೆಗೆ ಹೋಗುತ್ತಿದ್ದೆ. ಆ ವರ್ಷ ಅತ್ತೆ ರೇಷ್ಮೆ ಹುಳುವಿನ ಹಿಂದೆ ಬಿದ್ದಿದ್ದರು. ಊರಾಚೆ, ಕಾಲುವೆ ಪಕ್ಕದ ಅರ್ಧ ಎಕರೆಗೆ ಹಠ ಹಿಡಿದು ಹಿಪ್ಪುನೇರಳೆ ಹಾಕಿಸಿದ್ದರು. ಎರಡು ಸಲ ಹುಳು ಸಾಕಿದ್ದೂ ಆಗಿತ್ತು. ಎರಡು ಸಲವೂ ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಕಾಯಿಲೆ ಬಂದು, ತಟ್ಟೆಗಟ್ಟಲೆ ಹುಳುಗಳನ್ನು ತಿಪ್ಪೆಗೆ ಸುರಿದಿದ್ದರು. ಮೂರನೇ ಸಲಕ್ಕೆ ಮಾವ ಎಲೆಅಡಿಕೆ ಉಗಿದು ಬಂದು ತೀರ್ಪು ಕೊಟ್ಟರು.

“ಇದೊಂದ್ ಸಲ ನೋಡ್ತೀನಿ ಕಣಮ್ಮಿ. ಗೂಡು ಕಟ್ನಿಲ್ಲ ಅಂದ್ರೆ ಸೊಪ್ಪಿನ ತೋಟ ಕೀಳ್ಸಿ ಕಬ್ಬು ನಾಟ್ಸ್‌ಬುಡ್ತೀನಿ.”

ಅವತ್ತಿನಿಂದ ಅತ್ತೆ ದಿನಾ ಸಂಜೆ ಕೆಲಸವಿಲ್ಲದಿದ್ದರೂ ತೋಟಕ್ಕೆ ಹೋಗಿ, ಗಿಡಗಳ ಮೇಲೆ ಕೈಯಾಡಿಸಿ ಬರುತ್ತಿದ್ದರು. ಮನೆ ಮಾವನದು, ಗದ್ದೆ ಮಾವನದು, ಎತ್ತುಗಳು ಕೂಡ ಮಾವ ಕೂಗಿದರೆ ಮಾತ್ರ ತಿರುಗುತ್ತಿದ್ದವು. ತನ್ನದು ಅಂತ ಅತ್ತೆಗೆ ಇದ್ದದ್ದು ಆ ತೋಟ ಒಂದೇ.

ಹುಳು ಸಾಕಿದವರಿಗೆ ಗೊತ್ತು, ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಅವರ ಮಾತಿನಲ್ಲಿ ನಾಲ್ಕನೇ ಜ್ವರ ಎದ್ದ ಮೇಲೆ, ಅವುಗಳ ಹಸಿವಿಗೆ ಲಗಾಮಿಲ್ಲ. ಒಂದು ಮಧ್ಯಾಹ್ನ ಮಲಗಿದ್ದ ನಾನು, ಪಕ್ಕದ ಕೋಣೆಯಲ್ಲಿ ಚಿಟಪಟ ಸದ್ದು ಕೇಳಿ, ಮಳೆ ಬಂತೆಂದು ಒಣಹಾಕಿದ ಬಟ್ಟೆ ಎತ್ತಲು ಅಂಗಳಕ್ಕೆ ಓಡಿದೆ. ಹೊರಗೆ ಸುಡುಬಿಸಿಲು. ಸದ್ದು ಮಾಡುತ್ತಿದ್ದದ್ದು ಸೊಪ್ಪು ಮೇಯುತ್ತಿದ್ದ ಹುಳುಗಳು. ಅತ್ತೆ ಅದನ್ನು ಮೂರು ದಿನ ಕಂಡಕಂಡವರಿಗೆಲ್ಲ ಹೇಳಿ ನಕ್ಕರು. ಇಷ್ಟು ತಿನ್ನುವ ಹುಳುವಿನದು ಒಂದೇ ತಕರಾರು, ಸೊಪ್ಪು ಒದ್ದೆ ಇರಬಾರದು. ಒದ್ದೆ ಸೊಪ್ಪು ತಿಂದರೆ ಕಾಯಿಲೆ ಬೀಳುತ್ತದೆ. ಮೋಡ ಕವಿದರೆ ಸಾಕು, ಅತ್ತೆಯ ಮುಖವೂ ಕವಿಯುತ್ತಿತ್ತು.

ಈ ಚಿಂತೆಗೆ ಪರಿಹಾರವಾಗಿ ನಾನು ನನ್ನ ಭೌತಶಾಸ್ತ್ರವನ್ನು ಹೊರತೆಗೆದೆ. ಒಬ್ಬ ಮನುಷ್ಯನನ್ನೂ ಅವನ ತಲೆಯ ಮೇಲೊಂದು ಹೊರೆಯನ್ನೂ ಗೋಡೆಯ ಮೇಲೆ ಬರೆದು ಪಾಠ ಶುರುಮಾಡಿದೆ. ತಲೆಯ ಮೇಲೆ ಬೀಳುವ ಮಳೆ ಹೊತ್ತಿಗೆ ತಕ್ಕ ಹಾಗೆ, ಎದೆಗೆ ಬಡಿಯುವ ಮಳೆ ದಾರಿಗೆ ತಕ್ಕ ಹಾಗೆ. ದಾರಿ ಹೇಗೂ ಅಷ್ಟೇ ಇರುತ್ತದೆ, ಓಡಿದರೆ ಹೊತ್ತು ಉಳಿಯುತ್ತದೆ. ಆದ್ದರಿಂದ ಓಡಬೇಕು. ಅತ್ತೆ ಬಾಯಿಬಿಟ್ಟುಕೊಂಡು ಕೇಳಿದರು. ಮಾವ ಮಾತ್ರ ಜಗಲಿಯಿಂದಲೇ ಹೇಳಿದರು:

“ಮಳೆ ಏನು ನಾಯಿ ಏನಮ್ಮಿ, ಅಟ್ಟುಸ್ಕೊಂಡ್ ಬರಾಕೆ? ಓಡುದ್ರೆ, ಮುಂದೆ ಬೀಳೋ ಮಳೆಗೂ ನಾವೇ ಓಗಿ ಮಖ ಕೊಟ್ಟಂಗಾಯ್ತದೆ.”

ಮಾವ ಓಡಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹಿಂದೆ ಕಟ್ಟಿದ ಕೈ, ಬಿಸಿಲಿಗೂ ಮಳೆಗೂ ಒಂದೇ ನಡಿಗೆ. ಕಣ್ಣೆದುರೇ ಮಳವಳ್ಳಿ ಬಸ್ಸು ಹೊರಟರೂ ಹೆಜ್ಜೆ ಚುರುಕಾಗುತ್ತಿರಲಿಲ್ಲ. ಗಂಡಸು ಓಡಿದರೆ ಏನೋ ಕದ್ದಿದ್ದಾನೆ ಅನ್ನುತ್ತಾರೆ ಎಂಬುದು ಅವರ ವಾದ. ನನಗೆ ಅವರ ಮೇಲೆ ಒಳಗೊಳಗೇ ಸಿಟ್ಟಿತ್ತು, ಅಷ್ಟು ಚಂದದ ತೋಟ ಕೀಳಿಸುತ್ತೇನೆ ಅಂದಿದ್ದಕ್ಕೆ.

ಹುಳು ಹಣ್ಣಾಗಿ ಗೂಡಿಗೆ ಸಿದ್ಧವಾಗಲು ಇನ್ನು ಎರಡೇ ದಿನ ಅನ್ನುವಾಗ, ಅತ್ತೆಯೂ ನಾನೂ ತೋಟದಲ್ಲಿ ಸೊಪ್ಪು ಕೊಯ್ದು ಹಳೆ ಸೀರೆಗಳಲ್ಲಿ ಎರಡು ಹೊರೆ ಕಟ್ಟಿದ್ದೆವು. ಮೊದಲ ಹನಿ ನನ್ನ ಮೂಗಿನ ಮೇಲೇ ಬಿತ್ತು. “ಓಡಿ ಅತ್ತೆ!” ಎಂದು ಕೂಗಿ ನನ್ನ ಹೊರೆ ಹೊತ್ತು ಓಟ ಕಿತ್ತೆ. ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಕಾಲಲ್ಲಿದ್ದ ಹವಾಯಿ ಚಪ್ಪಲಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬದುವಿನ ಮೇಲೆ ಇಪ್ಪತ್ತು ಹೆಜ್ಜೆ ಹಾಕಿರಲಿಲ್ಲ, ನಾನು ಕೆಸರಿಗೆ ಬಿದ್ದೆ, ಹೊರೆ ಕಾಲುವೆಗೆ ಬಿತ್ತು. ಸೊಪ್ಪು ತೇಲಿಕೊಂಡು ಹೋಗುವುದನ್ನು ನೋಡುತ್ತ ಕೂತು ಜೋರಾಗಿ ಅತ್ತುಬಿಟ್ಟೆ. ಅತ್ತೆಯ ತೋಟವೇ ತೇಲಿಹೋದ ಹಾಗಾಗಿತ್ತು.

ಅತ್ತೆ ಬೈಯಲಿಲ್ಲ. ಉಳಿದ ಹೊರೆಯ ಮೇಲೆ, ಕಾವಿಗೆ ಕೂತ ಕೋಳಿಯ ಹಾಗೆ, ಮೈಚಾಚಿ ಬಗ್ಗಿ ಕೂತಿದ್ದರು. ಬೆನ್ನ ಮೇಲೆ ಮಳೆ ಸುರಿಯುತ್ತಿತ್ತು.

ಆಗ ಊರ ಕಡೆಯಿಂದ ಯಾರೋ ಓಡಿ ಬರುತ್ತಿರುವುದು ಕಾಣಿಸಿತು. ಓಟ ಗೊತ್ತಿಲ್ಲದವರ ಓಟ, ಕೈ ಒಂದು ಕಡೆ, ಕಾಲು ಒಂದು ಕಡೆ. ಹತ್ತಿರ ಬಂದ ಮೇಲೆ ನೋಡಿದರೆ ಮಾವ! ಸರ್ರನೆ ಪಂಚೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಹೊರೆಗೆ ಹೊದಿಸಿದರು.

“ಎತ್ತಮ್ಮಿ ನನ್ ತಲೆಗೆ! ಬಾಯ್ ಬುಟ್ಕೊಂಡು ಏನ್ ನೋಡ್ತಿದ್ದೀಯೆ?”

ಪಟ್ಟೆಪಟ್ಟೆಯ ಚಡ್ಡಿಯಲ್ಲಿ, ತಲೆಯ ಮೇಲೆ ಸೊಪ್ಪು ಹೊತ್ತು, ಅರಳಿಕಟ್ಟೆಯ ಮೇಲೆ ಕೂತಿದ್ದ ಅಷ್ಟೂ ಗಂಡಸರ ಮುಂದೆ ಮಾವ ಓಡಿದರು. “ಏನ್ಲಾ ಗೌಡ, ಏನ್ ಕದ್ಯೋ?” ಎಂದು ಯಾರೋ ಕೂಗಿದರು. ಮಾವ ತಿರುಗಿಯೂ ನೋಡಲಿಲ್ಲ. ಹಿಂದೆ ಅತ್ತೆ ನಗುತ್ತಲೇ ಓಡಿದರು. ಮೂಗು ಸೋರಿಸುತ್ತ, ಅಳುವುದೋ ನಗುವುದೋ ತಿಳಿಯದೆ ನಾನೂ ಓಡಿದೆ.

ಹೊರೆಯ ಒಳಗಿನ ಸೊಪ್ಪು ಒಣಗಿಯೇ ಇತ್ತು, ಮೇಲಿನದು ಮಾತ್ರ ನೆನೆದಿತ್ತು. ಮೂವರೂ ಕೂತು ನೆನೆದ ಎಲೆಗಳನ್ನು ಒಂದೊಂದಾಗಿ ಒರೆಸಿದೆವು. ಮಾವ ತಮ್ಮ ಟವೆಲಿನಲ್ಲಿ, ಮಗುವಿನ ಮುಖ ಒರೆಸುವಷ್ಟು ನಾಜೂಕಾಗಿ ಒರೆಸುತ್ತಿದ್ದರು. ಹುಳುಗಳಿಗೆ ಒಂದು ಹೊತ್ತು ಅರೆಹೊಟ್ಟೆಯಾಯಿತು, ಅಷ್ಟೆ. ಮೂರನೇ ದಿನ ಚಂದ್ರಿಕೆಗೆ ಬಿಟ್ಟೆವು. ಆ ಬಿದಿರು ತಡಿಕೆಯ ಸುತ್ತುಗಳ ತುಂಬ ಹಳದಿ ಹಳದಿ ಗೂಡು ಕಟ್ಟಿಕೊಂಡಾಗ ಅತ್ತೆ ಒಂದನ್ನು ಬಿಡಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಮಾವನ ಅಂಗೈಯಲ್ಲಿಟ್ಟರು. ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಪರ್ವಾಗಿಲ್ಲ” ಅಂದರು. ಕಬ್ಬಿನ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಅಷ್ಟು ಸಂತೋಷ ನನಗೆ ಬಿಎಸ್ಸಿ ಪಾಸಾದಾಗಲೂ ಆಗಲಿಲ್ಲ.

ಇದನ್ನೆಲ್ಲ ಸೂರಿನಡಿಯೇ ಗಂಡನಿಗೆ ಹೇಳಿದೆ. ಹೇಳಿ ಮುಗಿಸಿದ ಮೇಲೆ ಮಾವನಿಗೆ ಫೋನು ಮಾಡದೆ ಇರಲಾಗಲಿಲ್ಲ. “ಮಾವ, ಅವತ್ತು ಸೊಪ್ಪು ಹೊತ್ಕೊಂಡು ಓಡಿದ್ರಲ್ಲ, ಕಮ್ಮಿ ನೆಂದ್ರಾ, ಜಾಸ್ತಿ ನೆಂದ್ರಾ?”

“ಯಾರಮ್ಮಿ ಓಡುದ್ದು? ಒಸಿ ಜೋರಾಗಿ ನಡ್ದೆ, ಅಷ್ಟೇಯ.” ಹಿಂದಿನಿಂದ ಅತ್ತೆ ಕಿಸಕ್ಕನೆ ನಕ್ಕಿದ್ದು ಇಲ್ಲಿಗೂ ಕೇಳಿಸಿತು. ಮಾವ ದನಿ ಏರಿಸಿದರು. “ಫೋನ್ ಮಡುಗಮ್ಮಿ ಈಗ. ಉಳ ನಾಲ್ಕನೇ ಜ್ವರ ಎದ್ದವೆ, ಇಲ್ಲೂ ಮೋಡ ಕಟ್ತಾದೆ. ಇಬ್ರೇ ಇದ್ದೀವಿ, ಸೊಪ್ಪು ತರ್ಬೇಕು.”

ಮದುವೆಯಾದ ಮೇಲೆ ಎಷ್ಟೋ ವರ್ಷಗಳಿಂದ ನಾನು ಅವರ ಮನೆಗೆ ಹೋಗಿದ್ದು ಊಟಕ್ಕೆ, ನೆಂಟರ ಹಾಗೆ. ಹೋದಾಗಲೆಲ್ಲ ಆ ತೋಟವನ್ನು ದೂರದಿಂದ ನೋಡಿ, ಚೆನ್ನಾಗಿದೆ ಅಂದು ಬಂದಿದ್ದೇನೆ.

“ಓಡೋದೇ ವಾಸಿ, ಗ್ಯಾರಂಟಿ,” ಎಂದು ಗಂಡ ಮೊಬೈಲಿನಿಂದ ತಲೆಯೆತ್ತಿದರು.

“ಹಾಗಾದರೆ ಓಡಿ,” ಎಂದು ಅವರ ಕೈ ಹಿಡಿದು ಮಳೆಗೆ ಎಳೆದೆ. ಕಾರು ಸೇರುವಷ್ಟರಲ್ಲಿ ಇಬ್ಬರೂ ತೊಪ್ಪೆಯಾಗಿದ್ದೆವು. ಅವರು ಗಾಜು ಒರೆಸಿ ಮಂಡ್ಯದ ಕಡೆ ತಿರುಗಿಸಲು ಹೊರಟರು.

“ಆ ಕಡೆ ಅಲ್ಲ,” ಅಂದೆ. “ಮಳವಳ್ಳಿ ರಸ್ತೆ ಹಿಡೀರಿ. ಸೊಪ್ಪು ಹೊರೋಕೆ ನಾಲ್ಕು ಜನ ಆಗ್ತೀವಿ.”