ಫ್ಲೋರಿನ್ ಟೀಚರ್ ಮತ್ತು ಚೆರೋಕೀ ನಾಯಕನ ಕಾಗದಗಳು

ಫ್ಲೋರಿನ್ ಟೀಚರ್ ಆ ಕಾಗದಗಳನ್ನು ಎಂದೂ ಕೂತು ಓದಿದವರಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಊಟದ ಮೇಜಿನ ಪಕ್ಕ ನೆಟ್ಟಗೆ ನಿಂತು ಓದುವರು. "ಎಂತ ಮಾರಾಯ್ತಿ, ಕೂತು ಓದ್ಲಿಕ್ಕೆ ಇದು ಪೇಪರಾ? ಮನುಷ್ಯ ತನ್ನ ಜನರ ನೆಲ ಉಳಿಸ್ಲಿಕ್ಕೆ ಬರೆದದ್ದು!"

ಆ ಮನುಷ್ಯ ಅಮೆರಿಕದ ಚೆರೋಕೀ ಜನರ ನಾಯಕ. ಸುಮಾರು ಇನ್ನೂರು ವರ್ಷಗಳ ಹಿಂದೆ, ನಮ್ಮನ್ನು ನಮ್ಮ ನೆಲದಿಂದ ಎಬ್ಬಿಸಬೇಡಿ ಎಂದು ಅಲ್ಲಿಯ ಸರಕಾರಕ್ಕೆ ಇಂಗ್ಲಿಷಿನಲ್ಲಿ ಅರ್ಜಿಯ ಮೇಲೆ ಅರ್ಜಿ ಬರೆದವನು. ಮಂಗಳೂರಿನ ಟೀಚರಿಗೂ ಅವನಿಗೂ ಎಲ್ಲಿಂದೆಲ್ಲಿಯ ಸಂಬಂಧ! ನೈರೋಬಿಯ ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾಗಿ ಅಲ್ಲೇ ಹೈರಿಡ್ಜ್‌ನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಆ ಕಾಗದಗಳನ್ನೆಲ್ಲ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದರು. ಆಗ ಮಕ್ಕಳ ಕೈಗೆ ಟ್ಯಾಬ್ ಬಂದ ಹೊಸತು. ಆದರೂ ಶನಿವಾರ ಅವರ ಮನೆ ತುಂಬುತ್ತಿತ್ತು. ಅಲ್ಲಿ ನಿಯಮ ಒಂದೇ: ಒಂದು ಕಾಗದ ಆರಿಸಿಕೊಂಡು ಅದನ್ನು ಮನೆಮಾತಿನಲ್ಲಿ ಹೇಳಬೇಕು. ಗುಜರಾತಿ ಹುಡುಗಿ ಗುಜರಾತಿಯಲ್ಲಿ, ಕಿಕುಯು ಹುಡುಗಿ ಕಿಕುಯುವಿನಲ್ಲಿ, ನನ್ನ ಮಗಳು ಅನನ್ಯಾ ಕನ್ನಡದಲ್ಲಿ.

ಕನ್ನಡದಲ್ಲಿ! ಗಂಡನ ಬ್ಯಾಂಕಿನ ಕೆಲಸಕ್ಕೆಂದು ನಾವು ಮೈಸೂರಿನಿಂದ ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ಗೆ ಬಂದಾಗ ಅವಳು ಕಂಕುಳ ಕೂಸು. ಮಾತು ಬಂದಾಗಿನಿಂದ, ನಾನು ಕನ್ನಡದಲ್ಲಿ ಕೂಗಿದರೆ "ಕಮಿಂಗ್, ಅಮ್ಮ" ಎನ್ನುವವಳು. ಗಂಟಲು ಹರಿದುಕೊಂಡರೂ ನನ್ನಿಂದ ಆಗದ್ದು ಆ ಮುದುಕಿಯಿಂದ ಆಯಿತು.

ಒಮ್ಮೆ ಕರೆದುಕೊಂಡು ಬರಲು ಹೋದವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಅನನ್ಯಾ ತಡವರಿಸುತ್ತಿದ್ದಳು. "ಕಿತ್ತುಕೊಳ್ಳುವವನಿಗೂ ಮರ್ಯಾದೆ ಕೊಟ್ಟು ಬರೆದಿದ್ದಾನೆ ನೋಡು ಮಗಾ," ಎಂದರು ಟೀಚರ್. "ಸಿಟ್ಟು ಎಲ್ಲಿ ಅಡಗಿಸಿ ಇಟ್ಟಿದ್ದಾನೆ, ಹುಡುಕು." ಅವಳು ಹುಡುಕಿದಳು, ಕನ್ನಡದಲ್ಲೇ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಗುನಗುತ್ತಾ ಒಳಗೆ ಹೋಗಿ ಬಿಸಿಬೇಳೆಬಾತಿನ ಡಬ್ಬಿ ಕೊಟ್ಟೆ. ಟೀಚರ್ ಅಲ್ಲೇ ತಿಂದು ಬಾಯ್ತುಂಬ ಹೊಗಳಿದರು. ಅದಕ್ಕೂ ಉರಿಯಿತು.

ನಾನೇನು ಕಮ್ಮಿ ಎಂದು ಅದೇ ಕಾಗದಗಳನ್ನು ಪ್ರಿಂಟ್ ತೆಗೆಸಿ ತಂದೆ. ನಮ್ಮ ಊಟದ ಮೇಜಿನ ಪಕ್ಕ, ಕನ್ನಡಕವಿಲ್ಲದ ಮೂಗನ್ನು ಎತ್ತಿ ನಿಂತು ಓದತೊಡಗಿದೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಅಮ್ಮ, ಪ್ಲೀಸ್. ಡೋಂಟ್."

ಟೀಚರ್ ಮಂಗಳೂರಿನ ತಂಗಿಯ ಮನೆಗೆ ಗಂಟುಮೂಟೆ ಕಟ್ಟಿದಾಗ ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳು. ವಿಮಾನ ನಿಲ್ದಾಣದಲ್ಲಿ ಕಾಗದಗಳ ಕಟ್ಟನ್ನು ಅನನ್ಯಾಳ ಕೈಗಿಟ್ಟು, ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಎಳೆದರು. "ನಿನ್ನ ಡಬ್ಬಿ ವಾಪಸು ಕೊಟ್ಟಿದ್ದೇನೆ ಅಲ್ವಾ?" ಎಂದರು ನನಗೆ. ಅದೇ ಕೊನೆ. ಆಮೇಲೆ ಅವರನ್ನು ನೋಡಲಾಗಲಿಲ್ಲ.

ಮನೆಗೆ ಮರಳುವಾಗ ಮಟಾಟು ವ್ಯಾನುಗಳ ಹಾರ್ನಿನ ನಡುವೆ ಕಾರು ತೆವಳುತ್ತಿತ್ತು. ಮಗಳು ಕಟ್ಟನ್ನು ಅವಚಿಕೊಂಡು ಬಿಕ್ಕುತ್ತಿದ್ದಳು. ನೋಡನೋಡುತ್ತ ನನ್ನ ಕಣ್ಣೂ ತುಂಬಿತು.

"ನೀನು ಎಂತಕ್ಕೆ ಅಳುವುದು, ಅಮ್ಮ?"

ನನ್ನ ಮಗಳು ನನ್ನನ್ನು ಕನ್ನಡದಲ್ಲಿ ಕೇಳಿದ ಮೊದಲ ಪ್ರಶ್ನೆ. ಅದೂ ನಮ್ಮ ಮೈಸೂರಿನದಲ್ಲ, ಅಪ್ಪಟ ಮಂಗಳೂರಿನದು.

"ಹೊಟ್ಟೆಕಿಚ್ಚಿಗೆ ಕಣೇ," ಎಂದೆ.

"ಹಾಗೆಂದರೆ ಎಂತ?"

ಆ ಒಂದು ಮಾತನ್ನು ಟೀಚರ್ ಕಲಿಸಿರಲಿಲ್ಲ. ಮನೆ ಬರುವವರೆಗೂ ಅದನ್ನು ಅವಳಿಗೆ ನಾನೇ ಕಲಿಸಿದೆ.